ನಮ್ಮ ಮಾನ ಯಾರ ಅಡಮಾನವೂ ಅಲ್ಲ

‘ಈ ಸಾಲಕ್ಕೆ ಅಡಮಾನ ಬೇಡ’ ಅಂತಾರೆ. ಶುದ್ಧ ಸುಳ್ಳು.

ಸರಗೂರಿನ ಕೇರಿಗಳಿಗೆ, ಎಚ್.ಡಿ. ಕೋಟೆಯ ಹಾಡಿಗಳಿಗೆ ಗುಂಪು ಸಾಲ ಹೊತ್ತು ಬರುವವನು ಜಮೀನಿನ ಪತ್ರ ಕೇಳುವುದಿಲ್ಲ, ಒಡವೆ ಕೇಳುವುದಿಲ್ಲ. ಅವು ನಮ್ಮ ಹತ್ತಿರ ಇಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತು. ಅವನು ಅಡ ಇಟ್ಟುಕೊಳ್ಳುವುದು ನಮ್ಮ ಮಾನವನ್ನು. ಕಂತು ತಪ್ಪಿದ ದಿನ ಬಾಗಿಲ ಮುಂದೆ ನಿಂತು ಬೀದಿಗೆ ಕೇಳುವಂತೆ ಕೂಗುತ್ತಾನೆ. ಗುಂಪಿನ ಒಂಬತ್ತು ಹೆಂಗಸರನ್ನು ಹತ್ತನೆಯವಳ ಮೇಲೆ ಛೂ ಬಿಡುತ್ತಾನೆ. ನಿನ್ನೆ ಒಂದೇ ಶುಂಠಿ ಹೊಲದಲ್ಲಿ ಕೂಲಿ ಮಾಡಿದ ಅಕ್ಕತಂಗಿಯರು ಇವತ್ತು ಒಬ್ಬರ ಜುಟ್ಟು ಒಬ್ಬರು ಹಿಡಿಯುತ್ತಾರೆ. ಅವನು ಬೈಕಿನ ಮೇಲೆ ಕೂತು ನೋಡುತ್ತಾನೆ.

ಇದು ನಮಗೆ ಹೊಸದಲ್ಲ. ನಮ್ಮ ತಾತಂದಿರು ಜೀತಕ್ಕೆ ನಿಂತದ್ದೂ ಸಾಲದಿಂದಲೇ. ಮದುವೆಗೋ ಕಾಯಿಲೆಗೋ ತಂದ ಪುಡಿಗಾಸು ಎಷ್ಟು ಅನ್ನುವುದು ದುಡಿದವನಿಗೆ ಮರೆತುಹೋಗಿರುತ್ತಿತ್ತು, ಧಣಿಯ ಪುಸ್ತಕಕ್ಕೆ ಮಾತ್ರ ನೆನಪಿರುತ್ತಿತ್ತು. 1976ರಲ್ಲಿ ಜೀತ ರದ್ದಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರ, ಭೂಮಿಯಿಲ್ಲದ ಕೂಲಿಗಳ, ದುರ್ಬಲರ ಸಾಲ ಮನ್ನಾ ಮಾಡಿದ ಆ ಕಾಯ್ದೆಯ ಕಾಲದ ಮುಖ್ಯಮಂತ್ರಿ ದೇವರಾಜ ಅರಸು ಪಕ್ಕದ ಹುಣಸೂರು ಸೀಮೆಯ ಕಲ್ಲಹಳ್ಳಿಯವರು. ಕಾನೂನಿನಲ್ಲಿ ಜೀತ ಸತ್ತಿತು. ಧಣಿಯ ಪುಸ್ತಕ ಸಾಯಲಿಲ್ಲ, ಕೈ ಬದಲಾಯಿಸಿತು.

ಆ ಪುಸ್ತಕದ ಲೆಕ್ಕ ಓದೋಣ. ಹತ್ತು ಸಾವಿರ ಅಂತ ಬರೆಸಿಕೊಳ್ಳುತ್ತಾನೆ. ಖರ್ಚು ಅಂತ ಸಾವಿರ ಹಿಡಿದುಕೊಂಡು ಕೈಗೆ ಒಂಬತ್ತು ಸಾವಿರ ಕೊಡುತ್ತಾನೆ. ವಾರಕ್ಕೆ ಸಾವಿರದಂತೆ ಹನ್ನೆರಡು ವಾರ ಕಟ್ಟಬೇಕು. ‘ಮೂರೇ ಸಾವಿರ ಹೆಚ್ಚಾಯ್ತು ಕಣವ್ವ’ ಅಂತಾನೆ. ಆದರೆ ವಾರ ವಾರ ಅಸಲೂ ಕರಗುತ್ತಿದೆಯಲ್ಲ, ಅದನ್ನೂ ಸೇರಿಸಿ ಲೆಕ್ಕ ಹಾಕಿ. ವರ್ಷದ ಬಡ್ಡಿ ನೂರಕ್ಕೆ ಇನ್ನೂರು ದಾಟುತ್ತದೆ! ಬಡ್ಡಿಯನ್ನು ವರ್ಷದ ಲೆಕ್ಕದಲ್ಲಿ ಹೇಳಲು ಯಾವನು ಹಿಂಜರಿಯುತ್ತಾನೋ, ರಸೀದಿ ಕೊಡಲು ಯಾವನು ಸಬೂಬು ಹೇಳುತ್ತಾನೋ, ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಯಾವನು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೋ, ಅವನೇ ಸುಲಿಗೆಗಾರ. ಇಷ್ಟು ಗುರುತು ಸಾಕು.

‘ಈಸ್ಕೊಂಡ್ಮೇಲೆ ಕಟ್ಬೇಡ್ವಾ?’ ಎಂದು ಕೇಳುವ ಮರ್ಯಾದಸ್ಥರಿದ್ದಾರೆ. ಕಟ್ತೀವಿ ಸ್ವಾಮಿ. ಈಸಿಕೊಂಡದ್ದನ್ನು, ನ್ಯಾಯವಾದ ಬಡ್ಡಿಯನ್ನು ಕಟ್ತೀವಿ. ಬ್ಯಾಂಕಿನ ಬಾಗಿಲಲ್ಲಿ ಜಾಮೀನು ಎಲ್ಲಿ, ಪಹಣಿ ಎಲ್ಲಿ ಅಂತ ನಮ್ಮನ್ನು ಹಿಂದಕ್ಕೆ ಕಳಿಸಿದಾಗ ನೀವು ಎಲ್ಲಿದ್ದಿರಿ? 2025ರ ಜನವರಿಯಲ್ಲಿ ನಂಜನಗೂಡು, ಚಾಮರಾಜನಗರದ ಕಡೆ ಬಡವರು ಮನೆಗೆ ಬೀಗ ಜಡಿದು ಊರು ಬಿಟ್ಟರಲ್ಲ, ಆಗ ನಿಮ್ಮ ಈ ನೀತಿಪಾಠ ಸಾಲ ಕೊಟ್ಟವನಿಗೆ ಯಾಕೆ ಕೇಳಿಸಲಿಲ್ಲ?

ಆ ಕಣ್ಣೀರಿನ ನಂತರವೇ 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ನೋಂದಣಿ, ಪರವಾನಗಿ ಎರಡೂ ಇಲ್ಲದವನು ಬಡವರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದು ಅದು ಹೇಳುತ್ತದೆ. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದೂರು ಬರೆದುಕೊಳ್ಳುವುದಿಲ್ಲ ಎನ್ನಲು ಪೊಲೀಸರಿಗೆ ಅಧಿಕಾರವಿಲ್ಲ.

‘ನಮ್ದು ರಿಸರ್ವ್ ಬ್ಯಾಂಕಿನ ಕಂಪ್ನಿ’ ಎಂದು ಮೀಸೆ ತಿರುವುವವನಿಗೂ ಮೂಗುದಾರವಿದೆ. ರಿಸರ್ವ್ ಬ್ಯಾಂಕು 2022ರ ಮಾರ್ಚಿಯಲ್ಲಿ ಹಾಕಿದ ನಿಯಮದ ಪ್ರಕಾರ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ. ನೆಂಟರನ್ನು, ಜೊತೆಯ ಕೂಲಿಯವರನ್ನು ಕಾಡುವಂತಿಲ್ಲ. ಗೊತ್ತು ಮಾಡಿದ ಜಾಗಕ್ಕೆ ನಾವು ಮೇಲಿಂದ ಮೇಲೆ ಎರಡು ಸಲ ಹೋಗದಿದ್ದರೆ ಮಾತ್ರ ಅವನು ಮನೆಗೆ ಬರಬಹುದು. ಎಲ್ಲ ಸಾಲದ ಕಂತು ಸೇರಿ ಮನೆಯ ತಿಂಗಳ ವರಮಾನದ ಅರ್ಧವನ್ನು ಮೀರುವಂತೆ ಹೊಸ ಸಾಲ ಹೇರುವಂತಿಲ್ಲ. ಸಾಲದ ಕಾರ್ಡು ನಮಗೆ ತಿಳಿಯುವ ಭಾಷೆಯಲ್ಲೇ ಇರಬೇಕು.

ಕಾಯ್ದೆ ತಾನಾಗಿ ಕೇರಿಗೆ ನಡೆದು ಬರುವುದಿಲ್ಲ, ಅವ್ವಂದಿರೇ. 1976 ನಮಗೆ ಕಲಿಸಿದ್ದು ಅದನ್ನೇ. ಎಳೆದು ತರಬೇಕು. ಬಂದವನ ಹೆಸರು, ಗುರುತಿನ ಚೀಟಿ, ದಿನ, ಹೊತ್ತು, ಆಡಿದ ಮಾತು ಎಲ್ಲ ಬರೆದಿಡಿ. ಬರೆಯಲು ಬಾರದಿದ್ದರೆ ಸ್ಕೂಲಿಗೆ ಹೋಗುವ ಮಗಳ ಕೈಲಿ ಬರೆಸಿ. ಫೋನಿನಲ್ಲಿ ಮಾತು ಹಿಡಿದಿಡಿ. ಬೆದರಿಸಿದರೆ 112ಕ್ಕೆ ಕರೆ ಮಾಡಿ. ಸರಗೂರು ಠಾಣೆಗೆ ದೂರು ಕೊಡಿ, ಎಫ್‌ಐಆರ್ ಪ್ರತಿ ಬಿಟ್ಟಿಯಾಗಿ ಕೇಳಿ ಪಡೆಯಿರಿ. ಠಾಣೆ ಕಿವಿ ಮುಚ್ಚಿದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ, ಒಂದು ಪ್ರತಿ ಜಿಲ್ಲಾಧಿಕಾರಿಗೆ ಹೋಗಲಿ. ಕಂಪನಿಗೆ ಬರೆದ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ದಾರಿ ಕೇಳಲು 14448. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ವರಮಾನ ಎಷ್ಟೇ ಇರಲಿ ಕಾನೂನು ನೆರವು ಬಿಟ್ಟಿ, ಅದಕ್ಕೆ 15100. ಬೀದಿಯಲ್ಲಿ ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಉಂಟು.

ಒಬ್ಬಳೇ ಹೋಗಬೇಡಿ. ಸಾಲಕ್ಕೆ ಅಂತ ಹತ್ತು ಜನರ ಗುಂಪು ಕಟ್ಟಿದವನು ಅವನು. ಆ ಹತ್ತೂ ಜನ ಒಟ್ಟಿಗೆ ಠಾಣೆಯ ಮೆಟ್ಟಿಲು ಹತ್ತಿದರೆ ಅವನ ಬಲವೇ ಅವನಿಗೆ ಉರುಳು. ಗುಂಪು ಒಡೆದರೆ ಅವನ ವಸೂಲಿ, ಕೂಡಿದರೆ ನಮ್ಮ ಸಂಘಟನೆ.

ನೇಣಿನ ಹಗ್ಗ ಹುಡುಕುವ ತಾಯಿಗೆ, ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ ಕೊಡಗಿನ ತೋಟಕ್ಕೆ ಓಡುವ ಅಣ್ಣನಿಗೆ ನಾವು ಹೇಳುವುದು ಇಷ್ಟೇ: ಸಾಲ ಮಾಡಿದ್ದು ಅಪರಾಧವಲ್ಲ. ಹಸಿವಿಗೆ, ಔಷಧಿಗೆ, ಮಕ್ಕಳ ಫೀಸಿಗೆ ಕೈಚಾಚಿದ್ದಕ್ಕೆ ನಾಚಬೇಕಾದವರು ನಾವಲ್ಲ. ಆ ಹಸಿವಿನ ಮೇಲೆ ನೂರಕ್ಕೆ ಇನ್ನೂರು ಹಾಕಿದವನು ನಾಚಲಿ. ನೀವು ಬದುಕಿ, ದೂರು ಬರೆಯಿರಿ. ನಮ್ಮ ಮಾನವನ್ನು ಅವನ ಪುಸ್ತಕದಿಂದ ನಾವೇ ಬಿಡಿಸಿಕೊಳ್ಳೋಣ.