ವೇಸ್ಟ್ ಮಾಡೋದು ಮೇಸ್ತ್ರಿ ಅಲ್ಲ ಸ್ವಾಮಿ

ಬೆಂಗಳೂರಲ್ಲಿ ಮನೆ ಕಟ್ಟಿಸುತ್ತಿರೋ ಯಾವ ಟೆಕ್ಕಿಯನ್ನಾದರೂ ಮಾತಾಡಿಸಿ ನೋಡಿ. ಎರಡನೇ ವಾಕ್ಯಕ್ಕೇ ಶುರು: "ಈ ಕೆಲಸದವರಿಗೆ ಜವಾಬ್ದಾರೀನೇ ಇಲ್ಲ ಮಾರಾಯ, ಸಿಮೆಂಟು, ಇಟ್ಟಿಗೆ ಎಲ್ಲಾ ವೇಸ್ಟ್ ಮಾಡ್ತಾರೆ." ರಾಯಚೂರಿಂದಲೋ ಕಲಬುರಗಿಯಿಂದಲೋ ಬಂದು ಸೈಟಿನ ಮೂಲೆಯ ತಗಡಿನ ಶೆಡ್ಡಿನಲ್ಲಿ ಮಲಗುವವನ ಮೇಲೆ ತಪ್ಪು ಹೊರಿಸೋದು ಎಷ್ಟು ಸಲೀಸು! ಅವನಂತೂ ಫೇಸ್‌ಬುಕ್ಕಿಗೆ ಬಂದು ಉತ್ತರ ಕೊಡಲ್ಲ.

ಆ ಕಸದ ಗುಡ್ಡೆಯನ್ನ ಒಂದ್ಸಲ ಸರಿಯಾಗಿ ನೋಡಿ. ಮೊದಲು ಕಬ್ಬಿಣ. ಕಂಬಿ ಬರೋದು 12 ಮೀಟರ್ ಉದ್ದದಲ್ಲಿ. ನಕ್ಷೆಗೆ 5 ಮೀಟರಿನ ತುಂಡು ಬೇಕಿದ್ದರೆ ಎರಡು ಸಿಗುತ್ತೆ, 2 ಮೀಟರ್ ಉಳಿಯುತ್ತೆ. ಅಂದರೆ ಆರರಲ್ಲಿ ಒಂದು ಪಾಲು! ಆ ತುಂಡು ಲಿಂಟಲ್ಲಿಗೋ ಸಜ್ಜೆಗೋ ಆಗುತ್ತಾ ಅಂತ ಮೊದಲೇ ಲೆಕ್ಕ ಹಾಕೋಕೆ ಬಾರ್ ಬೆಂಡಿಂಗ್ ಶೆಡ್ಯೂಲ್ ಅನ್ನೋ ಪಟ್ಟಿ ಇದೆ. ಅದನ್ನ ಮಾಡಿಕೊಡಬೇಕಾದವನು ಇಂಜಿನಿಯರು. ನಿಮ್ಮ ಸೈಟಲ್ಲಿ ಅದು ಇದೆಯಾ, ಕೇಳಿ ನೋಡಿ. ಪಟ್ಟಿ ಇಲ್ಲದಿದ್ದರೆ ಕಂಬಿ ಕಟ್ಟೋನು ಹೊಸ ಕಂಬೀನೇ ಕತ್ತರಿಸ್ತಾನೆ, ಇನ್ನೇನು ಮಾಡಿಯಾನು?

ಆಮೇಲೆ ಸಿಮೆಂಟು. ರೇಟು ಕಮ್ಮಿ ಅಂತ ಮಳೆಗಾಲದಲ್ಲಿ ಲೋಡುಗಟ್ಟಲೆ ಇಳಿಸಿಕೊಂಡು, ಕೆಳಗೊಂದು ಹಲಗೆಯನ್ನೂ ಹಾಕದೆ ನೆಲಕ್ಕೇ ಪೇರಿಸಿದ್ದು ಯಾರು? 50 ಕೆಜಿಯ ಚೀಲ ಕಲ್ಲಾದಾಗ ಬೈಗುಳ ಮಾತ್ರ ಮೇಸ್ತ್ರಿಗೆ.

ಒಡೆದ ಗೋಡೆಯ ಕಥೆ ಇನ್ನೂ ಚೆನ್ನಾಗಿದೆ. ಗಿಲಾವು ಮುಗಿದ ಮೇಲೆ ಓನರ್‌ಗೆ ಟಿವಿ ಆಚೆ ಗೋಡೆಗೆ ಬೇಕು ಅನ್ಸುತ್ತೆ. ರಿಲೀಸಿನ ಹಿಂದಿನ ವಾರ ಕ್ಲೈಂಟ್ ರಿಕ್ವೈರ್‌ಮೆಂಟ್ ಬದಲಿಸಿದರೆ ನಾವೆಷ್ಟು ಉರ್ಕೋತೀವಿ! ಮನೆ ಕಟ್ಟುವಾಗ ನಾವೇ ಆ ಕ್ಲೈಂಟು. ಕೋಡಾದರೆ ಡಿಲೀಟ್ ಮಾಡಿದರಾಯ್ತು. ಗೋಡೆ ಅನ್‌ಡೂ ಆಗಲ್ಲ, ಟ್ರ್ಯಾಕ್ಟರ್ ಹತ್ತುತ್ತೆ.

ಹಾಗಾದರೆ ಕೆಲಸದವರದ್ದು ತಪ್ಪೇ ಇಲ್ವಾ? ಇದೆ. ಇಟ್ಟಿಗೆ ಎಸೀತಾರೆ, ಕಲಸಿದ ಗಾರೆ ಉಳಿಸ್ತಾರೆ. ಆದರೆ ಲೇಬರ್ ಕಾಂಟ್ರಾಕ್ಟಲ್ಲಿ ನೀವು ದುಡ್ಡು ಕೊಡೋದು ಚದರಕ್ಕೆ ಇಷ್ಟು ಅಂತ. ಬೇಗ ಮುಗಿಸಿದರೆ ಲಾಭ, ಸಾಮಾನು ಉಳಿಸಿದರೆ ಸೊನ್ನೆ. ಸಾಮಾನೂ ಕಾಂಟ್ರಾಕ್ಟರದ್ದೇ ಆದರೆ, ವೇಸ್ಟೇಜ್ ಶೇಕಡಾ ಇಷ್ಟು ಅಂತ ಎಸ್ಟಿಮೇಟಿನಲ್ಲೇ ಸೇರಿರುತ್ತೆ. ಉಳಿಸೋಕೆ ಯಾರಿಗೆ ದರ್ದು?

ನಮ್ಮೂರಲ್ಲಿ ಹಳೇ ಮನೆ ಒಡೀತಿರಲಿಲ್ಲ, ಬಿಚ್ತಿದ್ದರು. ತೊಲೆ, ಹೆಂಚು, ಬಾಗಿಲು ಹೊಸ ಮನೆಗೆ. ಹಳೇ ಗೋಡೆಯ ಮಣ್ಣನ್ನೇ ತುಳಿದು ಹೊಸ ಗೋಡೆ. ಅದನ್ನ ಬಡತನ ಅನ್ನಿ, ಬೇಜಾರಿಲ್ಲ. ಆದರೆ ಅಲ್ಲಿ ಕಟ್ಟೋರಿಗೂ ಕಟ್ಟಿಸೋರಿಗೂ ನಡುವೆ ಬಿಲ್ಲು ಇರಲಿಲ್ಲ.

ಕಟ್ಟಡ ತ್ಯಾಜ್ಯಕ್ಕೆ ಅಂತಲೇ ಕೇಂದ್ರ ಸರ್ಕಾರ 2016ರಲ್ಲಿ ಪ್ರತ್ಯೇಕ ನಿಯಮ ತಂದಿತು. ರಾತ್ರಿಯ ಟ್ರ್ಯಾಕ್ಟರು ಮಾತ್ರ ಕೆರೆ ಅಂಚಿಗೋ ರಾಜಕಾಲುವೆಗೋ ಹೋಗುತ್ತೆ. ಯಾವುದೋ ಊರಿನ ಗುಡ್ಡ ಸಿಡಿಸಿ ತಂದ ಜಲ್ಲಿ, ಇನ್ಯಾವುದೋ ಊರಿನ ಕೆರೆಗೆ! ಲೇಔಟಿಗೆ ನೀರು ನುಗ್ಗಿದಾಗ ಟ್ವೀಟ್ ಮಾಡೋರೂ ನಾವೇ.

ಪಾಯ ತೋಡೋ ಮುಂಚೆ ನಕ್ಷೆ ಫ್ರೀಜ್ ಮಾಡಿ. ಕಂಬಿಯ ಪಟ್ಟಿ ಕೇಳಿ ಇಸ್ಕೊಳ್ಳಿ. ಉಳಿದ ಸಾಮಾನಿನ ದುಡ್ಡಲ್ಲಿ ಉಳಿಸಿದವರಿಗೂ ಪಾಲು ಕೊಡಿ. ಇದ್ಯಾವುದೂ ಆಗಲ್ಲ ಅಂದರೆ, ಶನಿವಾರದ ಬಟವಾಡೆಯಲ್ಲಿ "ವೇಸ್ಟ್ ಮಾಡಿದ್ರಿ" ಅಂತ ಕೂಲಿ ಹಿಡಿಯೋದನ್ನಾದರೂ ಬಿಡಿ.