ಬೇಳೆ ಹಾಕದ ಸಾಲನ್ ಮತ್ತು ನಮ್ಮ ಪಿಸುಮಾತು

ಒಲೆಯ ಮೇಲೆ ಏನು ಬೇಯುತ್ತಿದೆ ಎಂಬ ಪ್ರಶ್ನೆಗೆ ದಾವಣಗೆರೆಯ ಮುಸ್ಲಿಮ್ ಮನೆಗಳಲ್ಲಿ ಎರಡು ಉತ್ತರಗಳಿರುತ್ತವೆ. ಮನೆಯವರು ಕೇಳಿದರೆ 'ಬಡೇ ಕಾ'. ಹೊರಗಿನವರು ಕೇಳಿದರೆ 'ಮಟನ್'. ಮೊದಲನೆಯದನ್ನು ಪಿಸುದನಿಯಲ್ಲೂ ಎರಡನೆಯದನ್ನು ಗಟ್ಟಿಯಾಗಿಯೂ ಹೇಳಲಾಗುತ್ತದೆ. ಈ ಪಿಸುದನಿಯನ್ನು ನಮಗೆ ಕಲಿಸಿದವರು ಯಾರು? ಸರಕಾರವೇ? ಸಂಘಪರಿವಾರವೇ? ಅಥವಾ ನಾವೇ?

ನಾನು ಹರಿಹರದಲ್ಲಿ ಓದುತ್ತಿದ್ದ ದಿನಗಳಲ್ಲಿ, ತಿಂಗಳಿಗೆ ಒಂದೆರಡು ಬಾರಿ ನನ್ನ ಊಟದ ಡಬ್ಬಿಯಲ್ಲಿ ಕೆಂಪು ಸಾಲನ್ ಇರುತ್ತಿತ್ತು. ಡಬ್ಬಿಯ ಮುಚ್ಚಳ ಬಿಗಿಯುತ್ತಾ ಅಮ್ಮಿ ಹೇಳುತ್ತಿದ್ದರು, "ಬೇಟಾ, ಯಾರಾದ್ರೂ ಕೇಳಿದ್ರೆ ಕುರೀದು ಅನ್ನು." ಐದು ಹೊತ್ತು ನಮಾಝ್ ಬಿಡದ, ಸುಳ್ಳು ಹೇಳಿದರೆ ನಾಲಿಗೆಗೆ ಮೆಣಸಿನಕಾಯಿ ಹಚ್ಚುತ್ತೇನೆಂದು ಗದರಿಸುತ್ತಿದ್ದ ತಾಯಿ, ಅದೇ ಮೆಣಸಿನಕಾಯಿಯ ಸಾಲನ್ ಕೊಟ್ಟು ಸುಳ್ಳನ್ನೂ ಜೊತೆಗೆ ಕಟ್ಟಿಕೊಡುತ್ತಿದ್ದರು. ವಿಚಿತ್ರವೆಂದರೆ, ಪಕ್ಕದ ಮನೆಯ ಲಿಂಗಾಯತ ಅಜ್ಜಿಗೆ ಎಲ್ಲವೂ ಗೊತ್ತಿತ್ತು. "ಏನ್ರೀ, ಇವತ್ತು ನಿಮ್ಮನಿ ಒಗ್ಗರಣಿ ಬಾಳ ಜೋರೈತಲ್ಲ" ಎಂದು ನಕ್ಕು ತಮ್ಮ ಬಾಗಿಲನ್ನು ಎಳೆದುಕೊಳ್ಳುತ್ತಿದ್ದರು, ಅಷ್ಟೆ. ಹಾಗಾದರೆ ಆ ಸುಳ್ಳು ಯಾರಿಗಾಗಿತ್ತು?

ಕಾನೂನಿಗೆ ಹೆದರಿ ಹೇಳಿದ್ದೆಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಆಗ ಜಾರಿಯಲ್ಲಿದ್ದುದು 1964ರ ಕಾಯ್ದೆ. ಅದು ಹಸು ಮತ್ತು ಕರುಗಳ ವಧೆಯನ್ನು ನಿಷೇಧಿಸಿತ್ತು. ಹನ್ನೆರಡು ವರ್ಷ ದಾಟಿದ ಅಥವಾ ದುಡಿಮೆಗೆ ಬಾರದ ಎತ್ತು, ಹೋರಿ, ಎಮ್ಮೆ, ಕೋಣಗಳಿಗೆ ಪ್ರಮಾಣಪತ್ರದೊಂದಿಗೆ ಅನುಮತಿ ನೀಡಿತ್ತು. ಅಂದರೆ ನಮ್ಮಮ್ಮಿಯ ಪಾತ್ರೆಯಲ್ಲಿ ಬೇಯುತ್ತಿದ್ದುದು ಕಾನೂನುಬದ್ಧ ಮಾಂಸ. ಕಾನೂನು ಅಪರಾಧವೆಂದು ಕರೆಯದ ಅಡುಗೆಯನ್ನು ನಾವೇ ಅವಮಾನವೆಂದು ಕರೆದೆವು. ಕುರಿ ಶರೀಫರದ್ದು, 'ಬಡೇ ಕಾ' ಬಡವರದ್ದು ಎಂದು ಮೊದಲು ಗೆರೆ ಎಳೆದದ್ದು ನಮ್ಮದೇ ದಸ್ತರ್‌ಖಾನ್‌ನಲ್ಲಿ. ನಮ್ಮ ಮದುವೆಗಳನ್ನೇ ನೋಡಿ. ಹುಡುಗಿಯ ತಂದೆ ಸಾಲ ಮಾಡಿಯಾದರೂ ಕುರಿಯ ಬಿರಿಯಾನಿಯನ್ನೇ ಬಡಿಸಬೇಕು. ಇಲ್ಲವಾದರೆ ಬೀಗರ ಕಡೆಯವರು ಕೈ ತೊಳೆಯುವ ಮುನ್ನವೇ ಮಾತು ಊರು ಸುತ್ತುತ್ತದೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದಿನವಿಡೀ ನಿಂತು ಕೂಲಿ ಪಡೆಯುವ ತಂದೆಯ ಮೇಲೆ ಈ ಹೊರೆಯನ್ನು ಹೊರಿಸಿದ್ದು ಯಾವ ಸರಕಾರ? ವರದಕ್ಷಿಣೆಯ ವಿರುದ್ಧ ಜುಮಾ ಖುತುಬಾಗಳಲ್ಲಿ ಮಾತಾಡುತ್ತೇವೆ, ಸಂತೋಷ. ವಲೀಮಾದ ತಟ್ಟೆಯಲ್ಲಿರುವ ಈ ಜಾತಿಪದ್ಧತಿಯ ಬಗ್ಗೆ ಮಾತ್ರ ಮೌನ.

ಹೀಗಿರುವಾಗ ಹೊಸ ಕಾಯ್ದೆ ಬಂತು. 2010ರಲ್ಲಿ ಒಮ್ಮೆ ಯತ್ನಿಸಿ ಕೈಗೂಡದಿದ್ದ ಮಸೂದೆಯ ಆಶಯವನ್ನೇ 2020ರ ಡಿಸೆಂಬರ್‌ನಲ್ಲಿ ವಿಧಾನಸಭೆ ಮತ್ತೆ ಅಂಗೀಕರಿಸಿತು. 2021ರ ಜನವರಿಯಲ್ಲಿ ಅದು ಸುಗ್ರೀವಾಜ್ಞೆಯಾಗಿ ಜಾರಿಗೆ ಬಂತು, ಫೆಬ್ರವರಿಯಲ್ಲಿ ವಿಧಾನಪರಿಷತ್ತು ಧ್ವನಿಮತದಿಂದ ಒಪ್ಪಿತು. ಹಸು, ಕರು, ಹೋರಿ, ಎತ್ತು ಹಾಗೂ ಹದಿಮೂರು ವರ್ಷದೊಳಗಿನ ಎಮ್ಮೆ-ಕೋಣ ಎಲ್ಲವೂ ನಿಷೇಧದ ವ್ಯಾಪ್ತಿಗೆ ಬಂದವು. ಶಿಕ್ಷೆ ಮೂರರಿಂದ ಏಳು ವರ್ಷಗಳ ಸೆರೆ, ಒಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಗೆ ಶೋಧಿಸುವ, ವಶಪಡಿಸಿಕೊಳ್ಳುವ ಅಧಿಕಾರ. ಈ ಕಾಯ್ದೆ ಅನ್ಯಾಯದ್ದೆಂದು ನಾನು ನಂಬುತ್ತೇನೆ. ಮುದಿ ಎತ್ತನ್ನು ಮಾರಿ ಅದೇ ಹಣದಿಂದ ಹೊಸ ಜೋಡಿ ಕಟ್ಟುತ್ತಿದ್ದ ರೈತನ ಕೈಯನ್ನೂ ಇದು ಕಟ್ಟಿಹಾಕಿತು. ದುಡಿಯದ ಎತ್ತಿಗೆ ಮೇವು ಹಾಕುವ ಹೊಣೆ ಅವನದು, ಅದರ ಪುಣ್ಯ ಮಾತ್ರ ಬೆಂಗಳೂರಿನಲ್ಲಿ ಭಾಷಣ ಮಾಡುವವರದು! 2023ರಲ್ಲಿ ಸರಕಾರ ಬದಲಾದ ಬಳಿಕ ಪಶುಸಂಗೋಪನಾ ಸಚಿವ ಕೆ. ವೆಂಕಟೇಶ್ ಅವರು, ಎಮ್ಮೆ-ಕೋಣಗಳನ್ನು ಕಡಿಯಬಹುದಾದರೆ ಹಸುವನ್ನೇಕೆ ಕಡಿಯಬಾರದು ಎಂದು ಕೇಳಿ ಗದ್ದಲವೆಬ್ಬಿಸಿದರು. ರೈತನ ಲೆಕ್ಕದಿಂದ ಆರಂಭವಾಗಬೇಕಿದ್ದ ಚರ್ಚೆಯನ್ನು ಇಷ್ಟು ಒರಟಾಗಿ ಆರಂಭಿಸಿದರೆ ಲಾಭ ಯಾರಿಗೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಇಷ್ಟು ಕಠಿಣವಾದ ಕಾಯ್ದೆಯೂ ಹದಿಮೂರು ವರ್ಷ ದಾಟಿದ, ಸಕ್ಷಮ ಪ್ರಾಧಿಕಾರ ಪ್ರಮಾಣೀಕರಿಸಿದ ಎಮ್ಮೆ-ಕೋಣವನ್ನು ನಿಷೇಧಿಸಿಲ್ಲ. ಕಾಯ್ದೆ ಬಿಟ್ಟ ಜಾಗದಲ್ಲಿ ಬೇಲಿ ಹಾಕಿದವರು ನಾವು. "ಯಾಕೆ ಬೇಕು ಗಲಾಟೆ? ಬಿಟ್ಟುಬಿಡಿ. ಕೋಳಿ ತಿನ್ನಿ, ಬೇಳೆ ತಿನ್ನಿ" ಎಂಬ ಉಪದೇಶ ಸಮುದಾಯದ ಹಿರಿಯರಿಂದಲೇ ಕೇಳಿಬರುತ್ತಿದೆ. ಉಪದೇಶ ಕೊಟ್ಟವರ ಮನೆಯಲ್ಲಿ ಕುರಿ ಬೇಯುತ್ತಿರುತ್ತದೆ. ಈ ಊರುಗಳಲ್ಲಿ ಬಡೇ ಕಾ ಗೋಷ್ತ್‌ನ ಬೆಲೆ ಕುರಿ ಮಾಂಸದ ಅರ್ಧಕ್ಕಿಂತಲೂ ಕಡಿಮೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಅವರು ಅದನ್ನು ಕೊಳ್ಳುವುದಿಲ್ಲ, ಅಷ್ಟೆ.

ಬೇಳೆ ತಿನ್ನಿ ಎಂಬುದು ಹಳೆಯ ಉಪದೇಶ. 1958ರಲ್ಲಿ ಸುಪ್ರೀಮ್ ಕೋರ್ಟು ಹನೀಫ್ ಖುರೇಷಿ ಪ್ರಕರಣದ ತೀರ್ಪಿನಲ್ಲಿ ಹಸು-ಕರುಗಳ ವಧೆಯ ನಿಷೇಧವನ್ನು ಎತ್ತಿಹಿಡಿಯಿತು. ಬಕ್ರೀದ್‌ನಲ್ಲಿ ಹಸುವನ್ನೇ ಕುರ್ಬಾನಿ ಕೊಡುವುದು ಮುಸ್ಲಿಮರಿಗೆ ಕಡ್ಡಾಯವಲ್ಲ ಎಂದೂ ಹೇಳಿತು. ಅದು ಸರಿಯೇ. ದನದ ಮಾಂಸ ನಮಗೆ ಅನುಮತಿಸಲಾದ ಆಹಾರವೇ ಹೊರತು ಫರ್ಝ್ ಅಲ್ಲ, ಅದನ್ನು ತಿನ್ನದವನ ಈಮಾನ್ ಕಡಿಮೆಯಾಗುವುದಿಲ್ಲ. ಆದರೆ ಹಾಲು, ಹಣ್ಣು, ತುಪ್ಪಗಳನ್ನು ಕೊಳ್ಳಲಾಗದ ಬಡವನ ಪಾಲಿಗೆ ಎಟುಕುವ ಒಂದು ತುಂಡು ಮಾಂಸವೂ ಮುಖ್ಯ ಎಂಬುದನ್ನು ಅದೇ ತೀರ್ಪು ಗುರುತಿಸಿತ್ತು. 2005ರಲ್ಲಿ ಗುಜರಾತಿನ ಪ್ರಕರಣದಲ್ಲಿ ಏಳು ನ್ಯಾಯಾಧೀಶರ ಪೀಠ ಬಹುಮತದಿಂದ ಬೇರೆ ನಿಲುವು ತಳೆಯಿತು. ಪೌಷ್ಟಿಕತೆಗೆ ದನದ ಮಾಂಸವೊಂದೇ ದಾರಿಯಲ್ಲ ಎಂಬುದು ಅದರ ವಾದ. ನ್ಯಾಯಾಲಯದ ಮಾತನ್ನು ಗೌರವಿಸೋಣ. ಆದರೆ 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿಯ ಆಸುಪಾಸಿಗೆ ಏರಿದಾಗ, ಬಡವನಿಗೆ ಬೇಳೆಯನ್ನು ಬರೆದುಕೊಟ್ಟವರು ಯಾರೂ ಅವನ ಮನೆ ಬಾಗಿಲಿಗೆ ಬರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಅರ್ಧದ ಹತ್ತಿರ ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಕೆಂಪು ಮಾಂಸದ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವಷ್ಟು ಸುಲಭವಾಗಿ ಬೇಳೆಕಾಳಿನದ್ದನ್ನು ಹೀರಿಕೊಳ್ಳುವುದಿಲ್ಲ. ಇದು ಧರ್ಮದ ಮಾತಲ್ಲ, ದೇಹದ ಮಾತು.

ಹಾಗಂತ ನನಗೆ ಬೇಳೆಯ ಮೇಲೆ ದ್ವೇಷವಿಲ್ಲ. ದಾಲ್ಚಾ ನಮ್ಮದೇ ಅಡುಗೆ. ಅರ್ಧ ಕಿಲೋ ಮಾಂಸದಲ್ಲಿ ಹನ್ನೆರಡು ಮಂದಿಗೆ ಉಣಿಸಲು ನಮ್ಮ ಅಜ್ಜಿಯಂದಿರು ಕಡಲೆಬೇಳೆ, ಸೋರೆಕಾಯಿ ಹಾಕಿ ಹಿಗ್ಗಿಸುತ್ತಿದ್ದ ಜಾಣ್ಮೆ ಅದು. ಆದರೆ ತಿಂಗಳಿಗೊಮ್ಮೆಯಾದರೂ ಬಡವನ ಪಾತ್ರೆಯಲ್ಲಿ ಹಿಗ್ಗಿಸದ ಅಡುಗೆ ಇರಬೇಕಲ್ಲವೇ?

ಅಂದಹಾಗೆ, ಬೇಳೆಕಾಳು ಸೇರಿಸಬೇಕೋ ಬಾರದೋ ಎಂಬ ಜಗಳ ಅಮೆರಿಕದಲ್ಲೂ ಇದೆ. ಟೆಕ್ಸಾಸ್ ರಾಜ್ಯದವರು ದನದ ಮಾಂಸವನ್ನು ಒಣ ಕೆಂಪು ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿಗಳೊಂದಿಗೆ ಗಂಟೆಗಟ್ಟಲೆ ಬೇಯಿಸಿ 'ಚಿಲ್ಲಿ' ಎನ್ನುತ್ತಾರೆ. ಅದಕ್ಕೆ ಕಾಳು ಹಾಕಿದರೆ ಅಲ್ಲಿನ ಹಟವಾದಿಗಳಿಗೆ ಸಿಟ್ಟು ಬರುತ್ತದೆ. 1977ರಲ್ಲಿ ಟೆಕ್ಸಾಸ್ ಶಾಸನಸಭೆ ಇದನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು. ಸ್ಯಾನ್ ಆಂಟೋನಿಯೊ ನಗರದ ಚೌಕಗಳಲ್ಲಿ ಬಡ ಮೆಕ್ಸಿಕನ್ ಹೆಂಗಸರು ರಾತ್ರಿ ಹೊತ್ತು ಕುದಿಸಿ ಮಾರುತ್ತಿದ್ದ ಆಹಾರ ಅದು. ಅಲ್ಲಿ ಬಡವರ ಪಾತ್ರೆಗೆ ಶಾಸನಸಭೆ ಗೌರವ ಸಲ್ಲಿಸಿತು. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಅದೇ ಮೆಣಸಿನಕಾಯಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಬೇರೂರಿ, 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ದಾವಣಗೆರೆಯೆಂದರೆ ಬೆಣ್ಣೆದೋಸೆ, ಮಿರ್ಚಿ-ಮಂಡಕ್ಕಿ ಎಂದು ಬರೆಯುವವರು ಅದೇ ಊರಿನ ಮೆಣಸಿನಕಾಯಿ ಸಾಲನ್ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ಆದ್ದರಿಂದ ನಾನೇ ಬರೆಯುತ್ತೇನೆ. ವಾರಪತ್ರಿಕೆಯ ರಾಜಕೀಯ ಪುಟದಲ್ಲಿ ಅಡುಗೆಯೇ ಎಂದು ಹುಬ್ಬೇರಿಸುವವರು, ಅಡುಗೆಮನೆಗೆ ರಾಜಕೀಯ ಬಂದಾಗ ಎಲ್ಲಿದ್ದರೆಂದು ಮೊದಲು ಹೇಳಲಿ.

ಹದಿಮೂರು ದಾಟಿದ ಎಮ್ಮೆಯ ಮಾಂಸ ಬಿರುಸು. ಇದನ್ನು ಒಪ್ಪಿಕೊಂಡೇ ಒಲೆ ಹಚ್ಚಬೇಕು. ಎಳೆ ಮಾಂಸದಂತೆ ಅರ್ಧ ಗಂಟೆಯಲ್ಲಿ ಇಳಿಸಿದರೆ ಅದು ಚಪ್ಪಲಿಯ ಅಟ್ಟೆ. ಆದರೆ ಮುದಿ ಪ್ರಾಣಿಯ ಕಾಲಿನ ಮೀನಖಂಡ, ಕತ್ತು, ಎದೆಯ ಭಾಗಗಳಲ್ಲಿ ಕೊಲಾಜೆನ್ ಎಂಬ ಗಟ್ಟಿ ಅಂಗಾಂಶ ಹೇರಳವಾಗಿರುತ್ತದೆ. ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೆಂದರೆ ಅದು ಕರಗಿ ಜೆಲಾಟಿನ್ ಆಗಿ ಸಾರನ್ನು ತಾನೇ ಮಂದಗೊಳಿಸುತ್ತದೆ. ಕಾಯ್ದೆ ನಮಗೆ ಬಿಟ್ಟುಕೊಟ್ಟ ಪ್ರಾಣಿಗೆ ಹೇಳಿ ಮಾಡಿಸಿದ ಅಡುಗೆಯಿದು. ಖೀಮಾ ಮಾಡಿಸಬೇಡಿ, ಅಂಗುಲದಷ್ಟು ದೊಡ್ಡ ತುಂಡುಗಳಿರಲಿ. ಒಂದು ಕಿಲೋ ಮಾಂಸಕ್ಕೆ ಹದಿನೈದು ಬ್ಯಾಡಗಿ ಮೆಣಸಿನಕಾಯಿ, ಖಾರ ಬೇಕಾದವರಿಗೆ ನಾಲ್ಕು ಗುಂಟೂರು. ಬ್ಯಾಡಗಿಯದು ಬಣ್ಣ, ರುಚಿ ಹೆಚ್ಚು, ಖಾರ ಕಡಿಮೆ. ಬೀಜ ತೆಗೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹುರಿದ ಜೀರಿಗೆ ಎರಡು ಚಮಚ, ಧನಿಯಾ ಒಂದು ಚಮಚ, ಇಡೀ ಒಂದು ಗಡ್ಡೆ ಬೆಳ್ಳುಳ್ಳಿಯೊಂದಿಗೆ ನುಣ್ಣಗೆ ರುಬ್ಬಬೇಕು. ಅಂಗಡಿಯ ಖಾರದ ಪುಡಿಯಿಂದ ಈ ಅಡುಗೆ ಆಗದು, ಸಾರಿಗೆ ಮೈ ಕೊಡುವುದೇ ನೆನೆದ ಮೆಣಸಿನಕಾಯಿಯ ತಿರುಳು.

ಮಾಂಸದ ನೀರು ಒರೆಸಿ, ಕಾದ ಎಣ್ಣೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕಂದು ಬಣ್ಣ ಬರುವವರೆಗೆ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನಮ್ಮ ಮನೆಗಳಲ್ಲಿ ಅವಸರಕ್ಕೆ ಬಿಟ್ಟುಬಿಡುವ ಹಂತವಿದು, ರುಚಿಯ ಅರ್ಧ ಭಾಗ ಇಲ್ಲೇ ಇದೆ. ಅದೇ ಎಣ್ಣೆಯಲ್ಲಿ ಮೂರು ಈರುಳ್ಳಿ, ನಂತರ ರುಬ್ಬಿದ ಮಸಾಲೆ. ಹಸಿವಾಸನೆ ಹೋಗಿ ಎಣ್ಣೆ ಬಿಟ್ಟ ಮೇಲೆ ಮಾಂಸ, ಉಪ್ಪು, ಮುಳುಗುವಷ್ಟು ಬಿಸಿನೀರು. ಟೊಮ್ಯಾಟೊ ನಾನು ಹಾಕುವುದಿಲ್ಲ. ಕೊನೆಗೆ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ ಸಾಕು. ದಪ್ಪ ತಳದ ಪಾತ್ರೆಯಲ್ಲಿ ಮೂರು ಗಂಟೆ. ಗ್ಯಾಸಿನ ಬೆಲೆ ನೆನಪಾದರೆ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ಮುಚ್ಚಳ ತೆಗೆದು ಇಪ್ಪತ್ತು ನಿಮಿಷ ಕುದಿಸಿ. ಬೇಳೆಯಿಲ್ಲದೆ ಗಟ್ಟಿಯಾಗುವುದೇ ಎಂಬ ಅನುಮಾನವಿದ್ದರೆ, ಟೆಕ್ಸಾಸಿನವರಂತೆ ಎರಡು ಚಮಚ ಮೆಕ್ಕೆಜೋಳದ ಹಿಟ್ಟನ್ನು ನೀರಿನಲ್ಲಿ ಕದಡಿ ಹಾಕಿ. ಜೋಳದ ರೊಟ್ಟಿಯೊಂದಿಗೆ ಉಣ್ಣಿ, ಮರುದಿನಕ್ಕೆ ಉಳಿದರೆ ಇನ್ನೂ ರುಚಿ.

ಮೆಕ್ಕೆಜೋಳಕ್ಕೆ ನಮಗೇನೂ ಬರವಿಲ್ಲ, ದಾವಣಗೆರೆ ಜಿಲ್ಲೆಯೇ ಅದರ ಕಣಜ. ಆದರೆ ಅದರ ದೊಡ್ಡ ಪಾಲು ಹೋಗುವುದು ಕೋಳಿ ಮೇವಿಗೆ. ಆ ಕೋಳಿಯನ್ನು ತಂದು, ದನ ಬಿಟ್ಟು ಇದನ್ನು ತಿನ್ನಿ ಎಂದು ನಮಗೇ ಉಪದೇಶಿಸಲಾಗುತ್ತದೆ!

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಎರಡು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ರಾತ್ರಿ ಹೊತ್ತು ರೈತನ ಕೊಟ್ಟಿಗೆಯಿಂದ ಬಿಚ್ಚಿ ತಂದ ಪ್ರಾಣಿಯ ಮೇಲೆ ಬಿಸ್ಮಿಲ್ಲಾ ಹೇಳಿದ ಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲ. ಅದನ್ನು ಅಗ್ಗವೆಂದು ಕೊಳ್ಳುವವನೂ ಆ ಕಳವಿನಲ್ಲಿ ಪಾಲುದಾರ. ಕದ್ದವನು ನಮ್ಮವನೆಂದು ಮುಚ್ಚಿಟ್ಟರೆ, ಪ್ರಾಮಾಣಿಕ ಖುರೇಷಿ ಕುಟುಂಬಗಳ ಅಂಗಡಿಗೆ ಕಲ್ಲು ಹೊಡೆಸುವವರು ನಾವೇ ಆಗುತ್ತೇವೆ. ಹಾಗೆಯೇ, ಹಬ್ಬದ ದಿನ ರಕ್ತದ ಚಿತ್ರಗಳನ್ನು ಮೊಬೈಲಿನಲ್ಲಿ ಹರಿಬಿಟ್ಟು ಅದನ್ನೇ ಧೈರ್ಯವೆಂದುಕೊಳ್ಳುವ ಹುಡುಗರಿದ್ದಾರೆ. ಬಾಗಿಲು ಎಳೆದುಕೊಂಡು ಸುಮ್ಮನಿದ್ದ ಆ ಅಜ್ಜಿಯ ಸೌಜನ್ಯಕ್ಕೆ ಇದು ತಕ್ಕ ಉತ್ತರವೇ? ನೆರೆಯವನ ಮನಸ್ಸು ನೋಯದಂತೆ ಮೌನವಾಗಿರುವುದು ಬೇರೆ, ನಾಚಿ ಸುಳ್ಳು ಹೇಳುವುದು ಬೇರೆ. ಇದು ಮುಸ್ಲಿಮರದ್ದೊಂದೇ ಪ್ರಶ್ನೆಯೂ ಅಲ್ಲ. ಇದೇ ಅಂಗಡಿಗಳ ಮುಂದೆ ನಮ್ಮೊಂದಿಗೆ ದಲಿತ ಸಹೋದರರೂ ನಿಲ್ಲುತ್ತಾರೆ. ದನದ ಮಾಂಸ ತಿನ್ನುವುದಕ್ಕೂ ಅಸ್ಪೃಶ್ಯತೆಗೂ ಇರುವ ನಂಟನ್ನು ಅಂಬೇಡ್ಕರ್ ಅವರು 1948ರಷ್ಟು ಹಿಂದೆಯೇ ಒಂದು ಗ್ರಂಥದಲ್ಲಿ ಚರ್ಚಿಸಿದ್ದರು. ತಟ್ಟೆ ನೋಡಿ ಮನುಷ್ಯನನ್ನು ಅಳೆಯುವ ರೋಗ ಅಲ್ಲಿಂದ ಬಂದದ್ದು. ಅದನ್ನು ನಾವು ನಮ್ಮ ಮದುವೆ ಪಂದಿಗೂ ಅಂಟಿಸಿಕೊಂಡಿದ್ದೇವೆ.

ಕಳೆದ ತಿಂಗಳು ಹರಿಹರದ ಮನೆಯಲ್ಲಿ ಈ ಸಾಲನ್ ಮಾಡಿದ್ದೆವು. ಮರುದಿನ ಬೆಳಿಗ್ಗೆ ಉಳಿದದ್ದನ್ನು ಮಗಳ ಡಬ್ಬಿಗೆ ಹಾಕುತ್ತಿದ್ದಾಗ ಅವಳು, "ಅಬ್ಬಾ, ಯಾರಾದ್ರೂ ಕೇಳಿದ್ರೆ ಏನನ್ಲಿ?" ಎಂದಳು. ಅಮ್ಮಿ ಕುಳಿತಲ್ಲಿಂದಲೇ ನನ್ನ ಮುಖ ನೋಡಿದರು. "ಎಮ್ಮೇದು ಅನ್ನು. ಯಾರಿಗಾದ್ರೂ ಬೇಸರ ಆಗೋ ಹಾಗಿದ್ರೆ ಸ್ವಲ್ಪ ದೂರ ಕೂತು ತಿನ್ನು" ಎಂದೆ. ಅಮ್ಮಿ ಏನೂ ಹೇಳಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿ ಬಂದರು.