ಮನೆಸಾಲಕ್ಕೆ ಮೊದಲು ಕಾಗದದ ಪೆಟ್ಟಿಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಅವರ ಕಾಲಕ್ಕೆ ಅಷ್ಟು ಸಾಕಾಗಿತ್ತು. ಇಂದಿನ ಸಂಸಾರಸ್ಥನು ಇವೆರಡಕ್ಕೂ ಮೊದಲು ಕಾಗದಪತ್ರಗಳನ್ನು ಕೂಡಿಸಿ ನೋಡಬೇಕಾಗಿದೆ.

ಮೂಡಬಿದ್ರೆಯಲ್ಲಿ ಅಧ್ಯಾಪಕರಾಗಿರುವ ನನ್ನ ಮಿತ್ರರೊಬ್ಬರು ಬೆಳ್ತಂಗಡಿ ತಾಲೂಕಿನ ಹುಟ್ಟೂರಿನಲ್ಲಿ ಮನೆ ಕಟ್ಟಿಸಲು ಹೊರಟರು. ಖಾಯಂ ಉದ್ಯೋಗ, ತಪ್ಪದ ಸಂಬಳ. ಸಾಲ ವಾರದೊಳಗಿನ ಮಾತು ಎಂದೇ ಅವರ ಎಣಿಕೆ. ಸಂಬಳದ ಚೀಟಿಗಳು, ಎರಡು ವರ್ಷದ ಫಾರಂ 16, ಆರು ತಿಂಗಳ ಬ್ಯಾಂಕ್ ಲೆಕ್ಕ, ಪಾನ್, ಆಧಾರ್ ಇವನ್ನು ಒಂದೇ ಸಂಜೆಯಲ್ಲಿ ಜೋಡಿಸಿದರು. ಬ್ಯಾಂಕಿನ ಅಧಿಕಾರಿ ಐದು ನಿಮಿಷದಲ್ಲಿ ಅವನ್ನು ನೋಡಿ ಮುಗಿಸಿ, "ಸಂಬಳದ್ದು ಸರಿಯಾಗಿದೆ ಮಾಸ್ಟ್ರೇ, ಇನ್ನು ಜಾಗದ್ದು ಕೊಡಿ" ಎಂದರು. ನಿಜವಾದ ಪರೀಕ್ಷೆ ಆರಂಭವಾದದ್ದು ಅಲ್ಲಿಂದಲೇ.

ನಮ್ಮ ಸೀಮೆಯ ಜಾಗಗಳಿಗೆ ಉದ್ದವಾದ ಚರಿತ್ರೆಯಿದೆ. ಚಾಲಗೇಣಿಯ ಒಕ್ಕಲುಗಳು 1974ರ ಭೂಸುಧಾರಣಾ ತಿದ್ದುಪಡಿಯ ಬಳಿಕ ಭೂನ್ಯಾಯಮಂಡಳಿಗೆ ಡಿಕ್ಲರೇಶನ್ ಕೊಟ್ಟು ಒಡೆಯರಾದರು. ಮಿತ್ರರ ಜಾಗವೂ ಹಾಗೆ ಅವರ ತಾಯಿಯ ಹೆಸರಿಗೆ ಬಂದದ್ದು. ಅಂಥ ಜಾಗಕ್ಕೆ ಕ್ರಯಪತ್ರವಿರುವುದಿಲ್ಲ. ಮಂಡಳಿಯ ತೀರ್ಪು ಮತ್ತು ಫಾರಂ 10 ಇವೇ ಮೂಲಾಧಾರ. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಅವು ದೊರೆತವು. ಜೊತೆಗೆ ಮೂರು ತೊಡಕುಗಳೂ ದೊರೆತವು.

ಮೊದಲನೆಯದು ಹೆಸರು. ತಾಯಿಯ ಹೆಸರು ತೀರ್ಪಿನಲ್ಲಿ ಒಂದು ಬಗೆ, ಪಹಣಿಯಲ್ಲಿ ಇನ್ನೊಂದು ಬಗೆ, ಮರಣಪತ್ರದಲ್ಲಿ ಮತ್ತೊಂದು ಬಗೆ. ಮೂವರೂ ಒಬ್ಬರೇ ಎಂದು ಮನೆಯವರೆಲ್ಲರೂ ಬಲ್ಲರು, ಕಾಗದ ಬಲ್ಲದು ಎನ್ನುವಂತಿಲ್ಲ. ಎರಡನೆಯದು ಪಹಣಿಯ ಹನ್ನೊಂದನೆಯ ಕಲಮು. ಎಂದೋ ತೀರಿಸಿದ್ದ ಕೃಷಿಸಾಲವೊಂದು ಅಲ್ಲಿ ಇನ್ನೂ ಜೀವಂತವಾಗಿತ್ತು. ಸಾಲ ತೀರಿಸಿದರೆ ಸಾಲದು. ತೀರುವಳಿ ಪತ್ರ ಪಡೆದು ದಾಖಲೆಯಿಂದ ಅದನ್ನು ತೆಗೆಸಬೇಕು. ಋಣಭಾರ ಪತ್ರವನ್ನು ತರಿಸಿದಾಗ, ಅದನ್ನೂ ಪಹಣಿಯನ್ನೂ ಎದುರುಬದುರು ಇಟ್ಟು ಓದುವುದು ಲೇಸು.

ಮೂರನೆಯ ತೊಡಕನ್ನು ಹೇಳುವ ಮುನ್ನ ಇನ್ನೆರಡು ಎಚ್ಚರಿಕೆಗಳು. ಬಂಟ್ವಾಳದ ಕಡೆಯ ಗೃಹಸ್ಥರೊಬ್ಬರು ವರ್ಗ ಜಾಗಕ್ಕೆ ತಗಲಿದ ಕುಮ್ಕಿಯಲ್ಲಿ ಮನೆಯ ಪಾಯ ಗುರುತಿಸಿದ್ದರು. ಕುಮ್ಕಿ ಸರ್ಕಾರದ ಭೂಮಿ. ನಮಗಿರುವುದು ಸೊಪ್ಪು ಸೌದೆಗಳ ಸವಲತ್ತು ಮಾತ್ರ. ಅಜ್ಜನ ಕಾಲದಿಂದ ಅನುಭವಿಸಿದರೂ ಅದನ್ನು ಅಡವಿಡಲಾಗದು. ಸ್ವಂತ ಕೃಷಿಭೂಮಿಯಾದರೂ ಭೂಪರಿವರ್ತನೆಯಾಗಬೇಕು. ಅನಂತರ ಪಂಚಾಯತಿನಿಂದ ನಾವೆಲ್ಲ 'ನೈನ್ ಇಲೆವೆನ್' ಎಂದು ಕರೆಯುವ ಫಾರಂ 9 ಮತ್ತು 11, ಹಾಗೂ ಕಟ್ಟಡದ ಪರವಾನಗಿ ಬೇಕು. ಇನ್ನು ಅಡಿಕೆ ತೋಟವೇ ಜೀವನಾಧಾರವಾದವರು, ಕೃಷಿಯ ಆದಾಯಕ್ಕೆ ತೆರಿಗೆಯಿಲ್ಲವೆಂದು ಲೆಕ್ಕವನ್ನೇ ಇಡದಿರುವುದುಂಟು. ಸಾಲ ಕೇಳುವ ದಿನ ಆದಾಯವನ್ನು ಬಾಯಿಮಾತಿನಿಂದ ತೋರಿಸಲಾಗದು. ಕ್ಯಾಂಪ್ಕೊ ಮೊದಲಾದೆಡೆ ಅಡಿಕೆ ಮಾರಿದ ಬಿಲ್ಲುಗಳನ್ನು ವರ್ಷವರ್ಷವೂ ಕಟ್ಟಿಡಿರಿ. ಹಣ ಬ್ಯಾಂಕಿನ ಖಾತೆಯ ಮೂಲಕವೇ ಬರಲಿ.

ಇನ್ನು ಮೂರನೆಯ ತೊಡಕು. ತಾಯಿ ಉಯಿಲು ಬರೆಯದೆ ತೀರಿಕೊಂಡಿದ್ದರು. ತಂದೆ ಮೊದಲೇ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮಗನಿಗೂ ಮಗಳಿಗೂ ಸಮಪಾಲು. ಮಗಳು, ಎಂದರೆ ಮಿತ್ರರ ಅಕ್ಕ, ಮುಂಬಯಿಯಲ್ಲಿ ಸಂಸಾರಸ್ಥೆ. ಹಕ್ಕು ಖುಲಾಸೆಯ ಪತ್ರವನ್ನು ಬರೆಯಿಸಿಟ್ಟು ಮಿತ್ರರು ಅವರನ್ನು ಊರಿಗೆ ಕರೆಸಿದರು. "ಬ್ಯಾಂಕಿನವರಿಗೆ ಒಂದು ಸಹಿ ಬೇಕಂತೆ ಅಕ್ಕ" ಎಂದಷ್ಟೇ ಹೇಳಿದ್ದರು. ಅಕ್ಕ ಪತ್ರವನ್ನು ಪೂರ್ತಿಯಾಗಿ ಓದಿ ಕನ್ನಡಕ ತೆಗೆದರು.

"ಇದಕ್ಕೆ ಸಹಿ ಹಾಕಿದ ಮೇಲೆ ಊರಿನಲ್ಲಿ ನನ್ನದು ಅನ್ನುವುದು ಏನು ಉಳಿಯುತ್ತದೆ ತಮ್ಮ?"

ಮಿತ್ರರಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ತಮಗೆ ನಿದ್ರೆ ಬರಲಿಲ್ಲವೆಂದು ಅವರೇ ನನಗೆ ಹೇಳಿದರು. ಮರುದಿನ ವಕೀಲರಲ್ಲಿ ಖುಲಾಸೆಯ ಬದಲು ಪಾಲುಪತ್ರ ಬರೆಯಲು ತಿಳಿಸಿದರು: ಮನೆಯ ನಿವೇಶನ ತಮ್ಮನಿಗೆ, ಬಾವಿಯ ಬದಿಯ ತೋಟ ಅಕ್ಕನಿಗೆ. ನಕ್ಷೆ, ನೋಂದಣಿ, ಖಾತೆ ಬದಲಾವಣೆ ಎಂದು ಇನ್ನಷ್ಟು ತಿಂಗಳು ಕಳೆದವು. ಗೃಹಪ್ರವೇಶದ ದಿನ ಹಾಲುಕ್ಕಿಸಿದವರು ಆ ಅಕ್ಕನೇ.

ವಾಚಕರು ಗಮನಿಸಬೇಕಾದ ಮಾತಿದು. ಖುಲಾಸೆ ಪತ್ರ ತಪ್ಪೇನಲ್ಲ. ತಿಳಿದು, ಒಪ್ಪಿ ಬಿಟ್ಟುಕೊಡುವವರೂ ಇದ್ದಾರೆ. ಆದರೆ ಏನನ್ನು ಬಿಟ್ಟುಕೊಡುತ್ತಿರುವೆನೆಂದು ಅರಿಯದೆ ಯಾವ ಸೋದರಿಯೂ ಸಹಿ ಹಾಕಬಾರದು, ಯಾವ ಸೋದರನೂ ಹಾಕಿಸಬಾರದು.

ಕೊನೆಗೆ ಹಣದ ಮಾತು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲ ಆಸ್ತಿಯ ಬೆಲೆಯ ನೂರಕ್ಕೆ 90ನ್ನು ಮೀರುವಂತಿಲ್ಲ. 75 ಲಕ್ಷದವರೆಗೆ 80, ಅದಕ್ಕೂ ಮೇಲೆ 75. ಉಳಿದುದು ನಿಮ್ಮ ಕೈಗಂಟು. ಮೂಲಪತ್ರಗಳು ಸಾಲ ತೀರುವವರೆಗೆ ಬ್ಯಾಂಕಿನಲ್ಲಿರುತ್ತವೆ. ಪ್ರತಿಗಳನ್ನೂ, ಕೊಟ್ಟದ್ದಕ್ಕೆ ರಸೀದಿಯನ್ನೂ ಜೋಪಾನವಾಗಿಡಿರಿ. 2023ರ ಡಿಸೆಂಬರ್ 1ರಿಂದ, ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಬ್ಯಾಂಕು ಅವನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಮನೆಯ ನಕ್ಷೆ ಬರೆಯಿಸುವುದಕ್ಕೆ ಒಂದು ವರ್ಷ ಮುಂಚೆಯೇ ಅಟ್ಟದ ಪೆಟ್ಟಿಗೆಯನ್ನು ಕೆಳಗಿಳಿಸಿರಿ. ತೆರೆಯುವಾಗ ಪಾಲುದಾರರೆಲ್ಲರೂ ಸುತ್ತ ಕುಳಿತಿರಲಿ.